ಅವ್ವ ಹೊಟ್ಟೆಗೆ ಕಿವಿ ಹಚ್ಚಿದ ದಿನ

ಒಂದು ಮುಂಜಾನೆ ನನ್ನ ಅವ್ವ ನನ್ನನ್ನು ಬಹುವಚನದಲ್ಲಿ ಮಾತಾಡಿಸಿದಳು.

ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಅವಳು ಬಾಗಿಲಲ್ಲಿ ಬಂದು ನಿಂತು, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಗುರುತಿಲ್ಲದವರ ಮನೆಗೆ ಬಂದವಳ ಹಾಗೆ ಮೆಲ್ಲಗೆ ಕೇಳಿದಳು: "ಬಾಯಾರ, ಒಂದ್ ಗಿಲಾಸ ನೀರ್ ಕೊಡ್ತೀರೇನ್ರಿ?"

ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡು ಅವಳ ಮುಖ ನೋಡಿದೆ. ಚೇಷ್ಟೆ ಇರಲಿಲ್ಲ. ನಮ್ಮ ಕಡೆ ಹೊರಗಿನ ಹೆಂಗಸರನ್ನು ಗೌರವದಿಂದ 'ಬಾಯಾರ' ಎಂದು ಕರೆಯುವುದು, ಮಾತಿಗೊಂದು 'ರಿ' ಹಚ್ಚುವುದು ರೂಢಿ, ಆದರೆ ಹೆತ್ತವಳು ಮಗಳಿಗೆ ಹಚ್ಚುವುದಿಲ್ಲ. ಆ ಒಂದು ಅಕ್ಷರ ಕೇಳಿ ಹಾಗೇ ನಿಂತುಬಿಟ್ಟೆ. ತವೆಯ ಮೇಲಿನ ರೊಟ್ಟಿ ಹೊತ್ತಿ ಹೊಗೆ ಎದ್ದ ಮೇಲೆಯೇ ನನಗೆ ಎಚ್ಚರ.

"ಅವ್ವಾ, ನಾ ನಿನ್ನ ಮಗಳು" ಎಂದೆ.

"ಹೌದೇನ್ರಿ" ಎಂದು ತಲೆಯಾಡಿಸಿದಳು. ನನಗೆ ಬೇಜಾರಾಗಬಾರದೆಂದು ಒಪ್ಪಿಕೊಂಡಳು, ಅಷ್ಟೆ.

ಅವ್ವ ನರ್ಸ್ ಆಗಿದ್ದವಳು. ಔರಾದ ಕಡೆಯ ಕುರಿ ಸಾಕುವ ಮನೆತನದಲ್ಲಿ ಹುಟ್ಟಿ, ಆ ಮನೆಯಿಂದ ಸಾಲಿಗೆ ಹೋದ ಮೊದಲ ಹುಡುಗಿಯಾಗಿ, ತರಬೇತಿ ಮುಗಿಸಿ, ಭಾಲ್ಕಿ ತಾಲ್ಲೂಕಿನ ಹಳ್ಳಿಗಳಲ್ಲಿಯೇ ಇಡೀ ನೌಕರಿ ಕಳೆದಳು. ಭಾತಂಬ್ರಾದಲ್ಲಿ ಬಹಳ ವರ್ಷ ಇದ್ದಳು, ಆಮೇಲೆ ಮೆಹಕರದಲ್ಲಿ. ಗಡಿಯ ಆಚೆಯಿಂದಲೂ ಬಸುರಿಯರು ಹುಡುಕಿಕೊಂಡು ಬರುತ್ತಿದ್ದರು. ಅವಳು ಅವರೊಂದಿಗೆ ಮರಾಠಿಯಲ್ಲಿ ಮಾತಾಡುತ್ತ, ನಮ್ಮನ್ನು ಕನ್ನಡದಲ್ಲಿ ಬೈಯುತ್ತ, ಎರಡೂ ಕೆಲಸ ಒಟ್ಟಿಗೆ ಮಾಡುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ, ನಿವೃತ್ತಿಯಾದ ಮೇಲೆ, ಭಾಲ್ಕಿಯಲ್ಲಿ ನನ್ನ ತಮ್ಮನ ಸಂಸಾರದೊಂದಿಗೆ ಇದ್ದಳು. ಮರೆವು ಹೆಚ್ಚಾದಾಗ ಬೀದರಿಗೆ, ಮನ್ನಳ್ಳಿ ರಸ್ತೆಯ ನಮ್ಮ ಮನೆಗೆ ಕರೆತಂದೆ. ತಮ್ಮ ಮತ್ತು ಅವನ ಹೆಂಡತಿ ಇಬ್ಬರೂ ಹೊರಗೆ ದುಡಿಯುವವರು. ನನ್ನ ಯಜಮಾನರ ಕೆಲಸ ಕಲಬುರ್ಗಿಯಲ್ಲಿ, ವಾರಕ್ಕೊಮ್ಮೆ ಬರುತ್ತಾರೆ. ನಾನು ಒಂದು ಕಾಲೇಜಿನ ಗ್ರಂಥಾಲಯದಲ್ಲಿದ್ದೆ. ಅವ್ವನಿಗಾಗಿ ಬಿಟ್ಟೆ.

ಹಗಲೆಲ್ಲ ನಾವಿಬ್ಬರೇ. ಹೆತ್ತ ತಾಯಿಗೆ ಹೆದರುವುದು ಎಂದರೆ ಏನೆಂದು ನನಗೆ ಗೊತ್ತಾದದ್ದು ಆಗಲೇ. ಒಂದು ದಿನ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಯಾರೊಂದಿಗೋ ಮಾತಾಡುತ್ತಿದ್ದಳು. ನನ್ನನ್ನು ಕಂಡು, "ಒಳಗ ಯಾರೋ ಮುದುಕಿ ನಿಂತಾಳ ನೋಡ್ರಿ. ಪಾಪ, ಕೂಡ್ಲಿಕ್ಕಿ ಜಾಗಾ ಕೊಡ್ರಿ ಅಕಿಗಿ" ಎಂದಳು. ಏನು ಹೇಳುವುದೋ ತಿಳಿಯದೆ ನಾನು ಹೋಗಿ ಅವಳ ಪಕ್ಕಕ್ಕೆ ನಿಂತೆ. ಅವಳು ಕನ್ನಡಿಯನ್ನೂ ನನ್ನನ್ನೂ ನೋಡಿ, ಒಂದು ಹೆಜ್ಜೆ ಹಿಂದೆ ಸರಿದು ಕೇಳಿದಳು: "ನೀವ್ ಯಾವಾಗ ಒಳಗ ಹೋದ್ರಿ?"

ಕನ್ನಡಿಗೆ ಟವೆಲ್ ಹೊದಿಸಿದೆ. ಊರವರೆಲ್ಲ ನನ್ನನ್ನು ಅವ್ವನ ಪಡಿಯಚ್ಚು ಎನ್ನುತ್ತಾರೆ. ಅವಳದೇ ಹಣೆ, ಅವಳದೇ ಗದ್ದ. ಹಾಗೆ ಅಂದಾಗ ಮೊದಲು ಹಿಗ್ಗುತ್ತಿದ್ದೆ. ಈಗ ಆ ಮಾತು ಕೇಳಿದರೆ ಎದೆ ಧಸಕ್ ಎನ್ನುತ್ತದೆ.

ಇಂಥ ಕಾಯಿಲೆ ನೋಡುವ ಡಾಕ್ಟರ್ ಒಬ್ಬರು ಔಷಧಿ ಬರೆದುಕೊಟ್ಟು, ಇನ್ನೊಂದು ಮಾತು ಹೇಳಿದರು. "ಅವರು ದಿನಾ ಬಳಸಿದ ಹಳೇ ಸಾಮಾನ್ ಏನರೆ ಇದ್ರ ಕೈಯಾಗ ಕೊಡ್ರಿ. 'ಇದು ಏನು, ನೆನಪದ ಏನು' ಅಂತ ಪರೀಕ್ಷಾ ಮಾಡಬ್ಯಾಡ್ರಿ. ಕೊಟ್ಟು ಸುಮ್ನ ಬಾಜೂಕ ಕೂಡ್ರಿ. ಅವರಾಗೇ ಮಾತಾಡಿದ್ರ ಕೇಳ್ರಿ. ಅಂಜಿದ್ರು ಅಂದ್ರ ತಗದ್ ಇಡ್ರಿ."

ಅವ್ವನ ಟ್ರಂಕು ಭಾಲ್ಕಿಯಲ್ಲಿತ್ತು. ಹೋದೆ. ತಮ್ಮ ಅದನ್ನು ಮೇಲಿನಿಂದ ಇಳಿಸಿ ಧೂಳು ಒರೆಸಿದ, ಆದರೆ ಕೈ ಬಿಡಲಿಲ್ಲ.

"ಅಕ್ಕಾ, ಇದೆಲ್ಲ ಒಯ್ದು ಏನ್ ಮಾಡ್ತಿ? ಮರ್ತದ್ದು ಮರ್ತೇ ಇರ್ಲಿ. ಅಕಿ ಏನೇನ್ ನೋಡ್ಯಾಳೋ ಯಾರಿಗಿ ಗೊತ್ತು. ಛಲೋದೇ ನೆನಪಾಗ್ತದ ಅಂತ ಏನ್ ಗ್ಯಾರಂಟಿ?"

ಆದರೂ ಟ್ರಂಕು ತಂದೆ.

ಒಳಗೆ ಬಿಳಿ ಸೀರೆಗಳಿದ್ದವು, ಸೆಕೆಂಡಿನ ಮುಳ್ಳು ದೊಡ್ಡದಿದ್ದ ಕೈಗಡಿಯಾರವಿತ್ತು, ಕೂಸುಗಳನ್ನು ಬಟ್ಟೆಯ ಜೋಳಿಗೆಯಲ್ಲಿ ಹಾಕಿ ತೂಗುವ ಸ್ಪ್ರಿಂಗ್ ತಕ್ಕಡಿ ಇತ್ತು. ಇನ್ನೊಂದು, ಗೇಣುದ್ದದ ಅಲ್ಯುಮಿನಿಯಂ ಕೊಳವೆ. ಅಗಲ ಬಾಯಿಯನ್ನು ಬಸುರಿಯ ಹೊಟ್ಟೆಗೆ ಊರಿ, ಈ ಕಡೆ ಕಿವಿ ಹಚ್ಚಿದರೆ ಒಳಗಿನ ಕೂಸಿನ ಎದೆಬಡಿತ ಕೇಳುತ್ತದೆ. ನಾವು ಮನೆಯಲ್ಲಿ ಅದಕ್ಕೆ ಕೊಳವಿ ಎನ್ನುತ್ತಿದ್ದೆವು. ಚಿಕ್ಕವಳಿದ್ದಾಗ ಅದರಲ್ಲಿ ಬಾಯಿಟ್ಟು ತಮ್ಮನ ಕಿವಿಯಲ್ಲಿ ಕೂಗಿ ಏಟು ತಿಂದಿದ್ದೆ.

ಸಾಮಾನುಗಳು ಕೆಲಸ ಮಾಡಿದವು. ಅವ್ವ ಗಡಿಯಾರ ಕಟ್ಟಿಕೊಂಡು ನನ್ನ ಮಣಿಕಟ್ಟು ಹಿಡಿದು ನಾಡಿ ಎಣಿಸಿದಳು. ಜೋಳಿಗೆಯಲ್ಲಿ ಕುಂಬಳಕಾಯಿ ಹಾಕಿ ತೂಗಿ, "ಬೇಶ್ ಅದ ಕೂಸು" ಎಂದಳು. ನಾನು ನಕ್ಕೆ. ಅವಳು ಕುಂಬಳಕಾಯಿಯ ತಲೆಯ ಭಾಗಕ್ಕೆ ಕೈ ಆಸರೆ ಕೊಟ್ಟು ನೆಲಕ್ಕೆ ಇಳಿಸಿದ್ದು ಕಂಡು ನಗು ಹಾಗೇ ನಿಂತಿತು. ಆದರೂ ಅವಳು ಊಟ ಸರಿಯಾಗಿ ಮಾಡಿದಳು, ಸಂಜೆ ಗೇಟಿನ ಹತ್ತಿರ ಹೋಗಿ ಅಳುವುದು ನಿಂತಿತು. ಕೊಳವಿಯನ್ನು ಮಾತ್ರ ಯಾರಿಗೂ ಹಚ್ಚಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಿಂದ ಒರೆಸುತ್ತ ಕೂಡುತ್ತಿದ್ದಳು.

ಆ ಹೊತ್ತಿಗೆ ನನ್ನ ಮಗಳು ಔರಾದಿನ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಳು. ಎಂಟು ತಿಂಗಳಾಗುತ್ತ ಬಂದಿತ್ತು. ಅಜ್ಜಿಯನ್ನು ಆಯಿ ಎಂದು ಕರೆಯುತ್ತ ಅವಳ ತೊಡೆಯ ಮೇಲೆಯೇ ಬೆಳೆದ ಹುಡುಗಿ. ಆಯಿ ತನ್ನನ್ನು ಗುರುತಿಸದೆ "ಎಷ್ಟನೇದ್ರಿ?" ಎಂದು ಕೇಳಿದಾಗ, ಒಳಗೆ ಹೋಗಿ ನಳ ಬಿಟ್ಟುಕೊಂಡು ಅತ್ತಳು. ಆಮೇಲೆ ಹೊರಗೆ ಬಂದು "ಮೊದಲನೇದ್ರಿ ನರ್ಸಬಾಯಿ" ಎಂದು ಉತ್ತರ ಕೊಟ್ಟಳು. ಅವಳು ನನಗಿಂತ ಬೇಗ ಕಲಿತಳು.

ಅದು ನಡೆದದ್ದು ಒಂದು ಮಧ್ಯಾಹ್ನ. ಮಗಳು ಊಟ ಮುಗಿಸಿ ಪಡಸಾಲೆಯ ಮಂಚದ ಮೇಲೆ ಅಡ್ಡಾಗಿದ್ದಳು. ನಾನು ಕೆಳಗೆ ಕೂತು ತೊಗರಿಬೇಳೆ ಆರಿಸುತ್ತಿದ್ದೆ.

"ಮಮ್ಮಿ, ಮುಂಜಾನಿಂದ ಕೂಸು ಗಪ್ ಅದ" ಎಂದಳು. "ದಿನಾ ಊಟಾದ ಮ್ಯಾಲ ಒದಿತದ. ಇವತ್ತ ಇಲ್ಲ."

"ಮಲಗಿರ್ತದ" ಎಂದೆ. ಹಾಗೆ ಅಂದೆನೇ ಹೊರತು ನನ್ನ ಕೈ ಬೇಳೆಯಲ್ಲಿ ನಿಂತುಹೋಯಿತು.

ಮೂಲೆಯ ಕುರ್ಚಿಯಿಂದ ಅವ್ವ ಎದ್ದಳು. ನಮ್ಮ ಮಾತು ಅವಳಿಗೆ ಕೇಳಿತ್ತೋ, ಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದ ರೀತಿ ಕಂಡಿತ್ತೋ ಗೊತ್ತಿಲ್ಲ. ಕೊಳವಿ ಹಿಡಿದು ಬಂದು ಮಂಚದ ಅಂಚಿಗೆ ಕೂತಳು. ತನ್ನ ಕೈಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಮಗಳು ನನ್ನನ್ನು ನೋಡಿ ಸಣ್ಣಗೆ ನಕ್ಕು, ಸೆರಗು ಸರಿಸಿದಳು. ಅವ್ವ ಕೊಳವಿ ಊರಿ, ಕಿವಿ ಹಚ್ಚಿ, ಕಣ್ಣು ಮುಚ್ಚಿದಳು.

ಜಾಗ ಬದಲಿಸಿ ಮತ್ತೆ ಹಚ್ಚಿದಳು. ಹೊಕ್ಕುಳದ ಈ ಕಡೆ, ಆ ಕಡೆ, ಕೆಳಗೆ. ಹಿಂದೆಲ್ಲ ಹೀಗೆ ಕೇಳುವಾಗ ಅವಳ ಮುಖ ನೋಡಿದ್ದೇನೆ. ಹಣೆ ಮೊದಲು ಗಂಟಾಗಿ, ಬಡಿತ ಸಿಕ್ಕ ಕೂಡಲೇ ಸಡಿಲಾಗುತ್ತಿತ್ತು. ಅವತ್ತು ಗಂಟು ಬಿಡಲೇ ಇಲ್ಲ. ಆದರೆ ಕಣ್ಣು ತೆರೆದವಳೇ ಮಗಳ ಗಲ್ಲ ತಟ್ಟಿ, "ಛಂದ ಅದ ತಂಗಿ, ಮಲಕೋ" ಎಂದು ತುಂಬಾ ಚೆನ್ನಾಗಿ ನಕ್ಕಳು. ಎದ್ದು ಹಿತ್ತಲಿಗೆ ಹೋದಳು.

ಮಗಳು ಕಣ್ಣು ಮುಚ್ಚಿದಳು. ನಾನು ಅವ್ವನ ಹಿಂದೆ ಹೋದೆ. ಅವಳು ನಳದ ಕೆಳಗೆ ಬಗ್ಗಿ ಮುಖ ತೊಳೆದಳು. ಮತ್ತೆ ತೊಳೆದಳು. ಸೆರಗಿನಿಂದ ಒರೆಸಿಕೊಂಡು ನನ್ನ ಕಡೆ ತಿರುಗಿದಾಗ ಅವಳ ತುಟಿ ನಡುಗುತ್ತಿದ್ದವು. ದನಿ ಮಾತ್ರ ನಡುಗಲಿಲ್ಲ.

"ಬಾಯಾರ, ಗಾಡಿ ತರಸ್ರಿ. ಕೂಸಿನ ಎದಿಬಡಿತ ಕೇಳಸವಲ್ದು. ಹುಡಗಿಗಿ ಹೇಳಬ್ಯಾಡ್ರಿ. ಅಳಬ್ಯಾಡ್ರಿ ಅಕಿ ಮುಂದ."

ಎಷ್ಟೋ ತಿಂಗಳಿಂದ ಅವಳ ಬಾಯಲ್ಲಿ ಇಷ್ಟು ಸ್ಪಷ್ಟವಾದ ಮಾತು ಬಂದಿರಲಿಲ್ಲ. ನನ್ನನ್ನು ಹೆದರಿಸಿದ್ದು ಅದೇ. ಕುಂಬಳಕಾಯಿಯನ್ನು ಕೂಸು ಎಂದವಳ ಮಾತು ಇದು ಎಂದು ತಳ್ಳಿಹಾಕಲು ನೋಡಿದೆ, ಆಗಲಿಲ್ಲ. ಕಾಯಿಲೆ ಮಾತಾಡುತ್ತಿದೆಯೋ, ಸಾವಿರಾರು ಹೊಟ್ಟೆಗೆ ಕಿವಿ ಹಚ್ಚಿದ ನರ್ಸ್ ಮಾತಾಡುತ್ತಿದ್ದಾಳೋ? ಮುಂಜಾನೆಯಿಂದ ಕೂಸು ಗಪ್ ಅದ ಎಂದು ಮಗಳು ಹೇಳಿದ್ದು ತಲೆಯಲ್ಲಿ ತಿರುಗುತ್ತಿತ್ತು.  

ಆಟೋ ಕರೆಸಿದೆ. ಮಗಳಿಗೆ, "ನಡಿ, ಸುಮ್ನ ಒಂದ್ಸಲ ತೋರಿಸ್ಕೊಂಡ್ ಬರೋಣ" ಎಂದೆ. ಅವಳು ನನ್ನ ಮುಖ ನೋಡಿದಳು, ಆಯಿಯ ಒದ್ದೆ ಕೂದಲು ನೋಡಿದಳು.

"ಆಯಿ ಏನಂದ್ಲು?"

"ಏನಿಲ್ಲ."

"ಮಮ್ಮಿ, ಖರೇ ಹೇಳು. ಆಯಿ ಏನಂದ್ಲು?"

ಅವಳ ಕೈ ಹಿಡಿದು ಆಟೋದ ಕಡೆ ನಡೆಸಿದೆ. ಅವ್ವನನ್ನು ಒಬ್ಬಳೇ ಬಿಡುವ ಹಾಗಿರಲಿಲ್ಲವಾದ್ದರಿಂದ ಮೂವರೂ ಒಂದೇ ಸೀಟಿನಲ್ಲಿ ಕೂತೆವು. ಅವ್ವ ಮಗಳ ಮಣಿಕಟ್ಟು ಹಿಡಿದುಕೊಂಡು ರಸ್ತೆಯನ್ನೇ ನೋಡುತ್ತಿದ್ದಳು. ಮಗಳು ಇನ್ನೊಂದು ಕೈಯಿಂದ ಹೊಟ್ಟೆ ಅಪ್ಪಿಕೊಂಡು, ಪ್ರತಿ ತಗ್ಗಿಗೂ ಕಣ್ಣು ಮುಚ್ಚುತ್ತಿದ್ದಳು. ದೇವರ ಹೆಸರು ಹೇಳಬೇಕೆಂದರೆ ನನಗೆ ಒಂದೂ ನೆನಪಾಗಲಿಲ್ಲ.

ಅವಳನ್ನು ನೋಡುತ್ತಿದ್ದ ಲೇಡಿ ಡಾಕ್ಟರ್ ಆಸ್ಪತ್ರೆಯಲ್ಲಿದ್ದರು, ಪುಣ್ಯ. ತಡಮಾಡದೆ ಒಳಗೆ ಕರೆದರು. ಹೊಟ್ಟೆಗೆ ಜೆಲ್ ಹಚ್ಚಿ, ಎದೆಬಡಿತ ಕೇಳಿಸುವ ಮಷಿನ್ ಇಟ್ಟರು. ಮೊದಲು ಗೊರಗೊರ ಸದ್ದು. ಡಾಕ್ಟರ್ ಕೈ ಸರಿಸಿದರು. ಮತ್ತೆ ಗೊರಗೊರ. ಆ ಹೊತ್ತಿನಲ್ಲಿ ನಾನು ಮಗಳ ಪಾದ ಹಿಡಿದುಕೊಂಡು ನಿಂತಿದ್ದೆ. ಬೇರೆ ಏನನ್ನು ಹಿಡಿಯಬೇಕೋ ತಿಳಿದಿರಲಿಲ್ಲ.

ಆಮೇಲೆ ಬಂತು. ಟಪಟಪಟಪ ಎಂದು, ಬಯಲಲ್ಲಿ ಕುದುರೆ ಓಡಿದ ಹಾಗೆ ಕೋಣೆಯನ್ನೆಲ್ಲ ತುಂಬಿತು.

"ಕೇಳ್ರಿ, ಅಜ್ಜಿ ಆಗೋರು. ಅಳ್ತೀರ್ಯಾಕ? ಗಟ್ಟಿ ಅದ ಕೂಸು" ಎಂದರು ಡಾಕ್ಟರ್.

ಮಗಳು ಅಳುತ್ತ ನಗುತ್ತಿದ್ದಳು. ನಾನೂ. ಅವ್ವನಿಗೆ ಹೇಳಬೇಕೆಂದು ತಿರುಗಿದೆ. ಅವಳು ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೊಳವಿ ಹಿಡಿದುಕೊಂಡು, ನೆಲ ನೋಡುತ್ತ ಕೂತಿದ್ದಳು. ಆ ಸದ್ದು ಅವಳ ತಲೆಯ ಮೇಲೆ ಬಡಿಯುತ್ತಿತ್ತು. ಅವಳು ಕತ್ತು ಎತ್ತಲಿಲ್ಲ. ಸಾವಿನ ಮನೆಯಲ್ಲಿ ಕೂತ ಹಾಗೆಯೇ ಕೂತಿದ್ದಳು.

ಡಾಕ್ಟರೂ ನೋಡಿದರು. ಅವ್ವನ ಬೆನ್ನ ಹಿಂದೆ ಹೋಗಿ ಜೋರಾಗಿ ಚಪ್ಪಾಳೆ ತಟ್ಟಿದರು. ಅವ್ವ ಅಲುಗಲಿಲ್ಲ.

"ಇವರಿಗಿ ಕಿವಿ ಕೇಳಸ್ತದೇನ್ರಿ?"

ನಾನು ದಂಗಾದೆ. ಕರೆದರೆ ತಿರುಗದಿದ್ದಾಗ, ಕೇಳಿದ್ದಕ್ಕೆ ಇನ್ನೇನೋ ಉತ್ತರ ಕೊಟ್ಟಾಗ, ಎಲ್ಲವನ್ನೂ ಮರೆವಿನ ಲೆಕ್ಕಕ್ಕೇ ಹಾಕಿದ್ದೆವು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿಯುತ್ತಿದ್ದಳೇನೋ. ಕೂಸಿನ ಎದೆ ನಿಂತಿರಲಿಲ್ಲ. ಅವ್ವನ ಕಿವಿ ನಿಂತಿತ್ತು.

ಕಾರಣ ಸಿಕ್ಕರೆ ಭಯ ಹೋಗಬೇಕಲ್ಲ, ಹೋಗಲಿಲ್ಲ. ಕಿವಿಯ ಡಾಕ್ಟರು ಗುಗ್ಗೆ ತೆಗೆದರು, ಉಳಿದದ್ದು ವಯಸ್ಸಿನದು ಎಂದು ಕಿವಿಗೆ ಹಾಕುವ ಮಷಿನ್ ಕೊಟ್ಟರು. ಗುಗ್ಗೆ ತೆಗೆದ ಮೇಲೆ ಕುಕ್ಕರಿನ ಸೀಟಿಗೆ ಬೆಚ್ಚಿದಳು, ನನಗೆ ಹಬ್ಬವಾಯಿತು. ಮಷಿನನ್ನು ಮಾತ್ರ ಕಿತ್ತು ಚಹಾದ ಕಪ್ಪಿಗೆ ಹಾಕಿದಳು. ಆದರೆ ಅವತ್ತು ಮಂಚದ ಮೇಲೆ ಅವಳು ಕೇಳದೇ ಹೋದದ್ದು ಅವಳ ಮನಸ್ಸಿನಲ್ಲಿ ಕಲ್ಲಾಗಿ ಕೂತುಬಿಟ್ಟಿತ್ತು. ಮುಂಜಾನೆ ತಿಂದದ್ದನ್ನು ಮಧ್ಯಾಹ್ನಕ್ಕೆ ಮರೆಯುವವಳು ಅದೊಂದನ್ನು ಮರೆಯಲಿಲ್ಲ. ಮಗಳನ್ನು ಕಂಡಾಗಲೆಲ್ಲ ಪಕ್ಕದಲ್ಲಿ ಕೂತು, ತಲೆ ಸವರಿ, "ಮತ್ತ ಆಗ್ತಾವ ತಂಗಿ. ವಯಸ್ ಸಣ್ಣದದ" ಎನ್ನುತ್ತಿದ್ದಳು.

ಮೊದಮೊದಲು ಮಗಳು ಸಹಿಸಿದಳು. ಆಮೇಲೆ ಆಯಿ ಇರುವ ಕೋಣೆಗೆ ಬರುವುದನ್ನೇ ಬಿಟ್ಟಳು. ಕದ ಹಾಕಿಕೊಂಡು ಮಲಗುತ್ತಿದ್ದಳು. "ಮಮ್ಮಿ, ಸುಳ್ಳಂತ ನನಗ್ ಗೊತ್ತದ. ಆದ್ರೂ ಆಯಿ ಹಂಗ ಅಂದಾಗ ಒಳಗ ಕೂಸು ಅದನ್ನ ಕೇಳ್ಲತ್ತದ ಅನ್ನಸ್ತದ" ಎಂದಳು. ನಾನು ಕೊಳವಿಯನ್ನು ಅಲ್ಮಾರಿಯ ಮೇಲೆ ಬಟ್ಟೆಗಳ ಹಿಂದೆ ಬಚ್ಚಿಟ್ಟೆ. ತಮ್ಮ ಹೇಳಿದ್ದು ಸರಿಯಾಗಿತ್ತು ಎಂದುಕೊಂಡೆ.

ಆ ವಾರವೇ ಔರಾದಿನಿಂದ ಬೀಗತಿ ಸೊಸೆಯನ್ನು ನೋಡಲು ಉಂಡಿ ಕಟ್ಟಿಕೊಂಡು ಬಂದರು. ಒಳ್ಳೆಯ ಹೆಂಗಸು, ಗಟ್ಟಿ ಮಾತಿನವರು. ನಾನು ಚಹಾಕ್ಕೆ ಇಡಲು ಒಳಗೆ ಹೋಗಿ ಬರುವಷ್ಟರಲ್ಲಿ ಅವ್ವ ಅವರ ಎರಡೂ ಕೈ ಹಿಡಿದುಕೊಂಡು ನಿಂತಿದ್ದಳು.

"ಸಮಾಧಾನ ಮಾಡ್ಕೋರಿ. ಕೂಸು ಹೋಯ್ತು. ಸೊಸಿ ಪಾರಾಗ್ಯಾಳ, ಅದೇ ದೊಡ್ಡದು."

ಬೀಗತಿಯ ಮುಖದ ರಕ್ತ ಇಳಿದುಹೋಯಿತು. ಉಂಡಿಯ ಡಬ್ಬಿ ಕೈಯಿಂದ ಜಾರಿತು. ನಾನು ಓಡಿಹೋಗಿ ಎಲ್ಲವನ್ನೂ ವಿವರಿಸಿದೆ. ಅವರು ಕೇಳಿಸಿಕೊಂಡರು, ಸಿಟ್ಟಾಗಲಿಲ್ಲ. ಆದರೆ ಮರುದಿನ ಹೊರಡುವಾಗ ಮಗಳ ಬ್ಯಾಗೂ ಅವರ ಕೈಯಲ್ಲಿತ್ತು.

"ತಪ್ಪ ತಿಳಕೋಬ್ಯಾಡ್ರಿ ಬಾಯಿ. ಅವರಿಗಿ ಬ್ಯಾನಿ ಅಂತ ನನಗೂ ತಿಳೀತದ. ಆದ್ರ ದಿನಾ ಅಂಥ ಮಾತ್ ಬೀಳೋ ಮನ್ಯಾಗ ತುಂಬಿದ್ ಹುಡಗಿ ಹ್ಯಾಂಗ ಇರ್ಬೇಕು?"

 ಮಗಳು ತಾನೇ ಹೋಗಿ ಗಾಡಿಯಲ್ಲಿ ಕೂತಳು. ಗಾಡಿ ತಿರುಗುವವರೆಗೆ ಗೇಟು ಹಿಡಿದು ನಿಂತಿದ್ದೆ.

ಮಗಳು ಹೋದ ಮೇಲೆ ಅವ್ವನ ಸ್ಥಿತಿ ಇನ್ನೂ ಕೆಟ್ಟಿತು. ದಿಂಬಿನ ಕೆಳಗೆ, ಹಾಸಿಗೆಯ ಕೆಳಗೆ ಕೈಯಾಡಿಸಿ ಏನೋ ಹುಡುಕುತ್ತಿದ್ದಳು. "ಅಕಿ ಎಲ್ಲಿಗಿ ಹೋದಳ್ರಿ? ಒಬ್ಬಾಕಿನ್ನ ಬಿಟ್ರಿ ಏನ್ರಿ?" ಎಂದು ಕೇಳುತ್ತಿದ್ದಳು. ಗೇಟಿಗೆ ಬೀಗ ಹಾಕಿದೆ. ಅವಳು ಬೀಗ ಹಿಡಿದು ಜಗ್ಗುವ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಊಟ ಬಿಟ್ಟಳು. ನಾನು ತುತ್ತು ಮಾಡಿ ಬಾಯಿಗಿಟ್ಟರೆ ನನ್ನ ಕೈ ತಳ್ಳುತ್ತಿದ್ದಳು. ಅವಳಿಗೆ ನಾನು ಹೆದರಿಕೆ ಹುಟ್ಟಿಸುತ್ತಿದ್ದೇನೆ ಎಂದು ತಿಳಿದ ದಿನ ತಟ್ಟೆಯನ್ನು ಅಲ್ಲೇ ಇಟ್ಟು ಎದ್ದೆ.

ತಮ್ಮನನ್ನು ಕರೆಸಿ ಅವ್ವನ ಹತ್ತಿರ ಕೂಡಿಸಿ, ಭಾತಂಬ್ರಾಕ್ಕೆ ಹೋದೆ. ಅಲ್ಲಿ ಅವ್ವನ ಜೊತೆ ಕೆಲಸ ಮಾಡಿದ ಆಯಾ ಒಬ್ಬರು ಇದ್ದರು. ಈಗ ಅವರಿಗೂ ವಯಸ್ಸಾಗಿದೆ, ಆದರೆ ಮಾತು ಚುರುಕು. ಅವ್ವನಿಗೆ ಏನು ನೆನಪಾಗಿ ಹೀಗೆ ಹೆದರಿದ್ದಾಳೆ, ಯಾವ ಕೂಸು ಅದು, ಯಾರದು ಎಂದು ಕೇಳಿದೆ.

"ಯಾವ ಕೂಸಂತ ಹೇಳ್ಲಿ ತಂಗೀ?" ಎಂದರು. "ಅಷ್ಟ್ ವರ್ಷದಾಗ ಬಹಳ ಆದವು. ಎದಿ ಕೇಳಸ್ಲಿಲ್ಲ ಅಂದ್ರ ನಿಮ್ಮವ್ವ ಬಾಯಾರು ಹುಡಗಿ ಮುಂದ ನಗ್ತಿದ್ರು. ಹಿಂದಗಡಿ ಹೋಗಿ ಮಾರಿ ತೊಳಕೊಂಡು ಬಂದು, ನನಗ ಗಾಡಿ ತರಸು ಅಂತಿದ್ರು. ಹ್ಯಾಂಗ ಹೇಳ್ಲಿ ಆ ತಾಯಿಗಿ ಅಂತ ಕೈ ನಡಗ್ತಿತ್ತು ಅವರದು. ಪ್ರತಿ ಸಲಾ ನಡಗ್ತಿತ್ತು. ರೂಢಿ ಆಗ್ಲೇ ಇಲ್ಲ."

ನಾವು ಮನೆಯಲ್ಲಿ ಕಂಡ ಅವ್ವ ಯಾವುದಕ್ಕೂ ಹೆದರದವಳು. ಹೊಲದಲ್ಲಿ ಹಾವು ಕಂಡರೆ ಕೋಲು ಕೇಳುವವಳು. ಅವಳು ಹೀಗೆ ಗೋಡೆಯ ಹಿಂದೆ ನಿಂತು ನಡುಗುತ್ತಿದ್ದಳು ಎಂದು ನನಗಾಗಲಿ ತಮ್ಮನಿಗಾಗಲಿ ಗೊತ್ತೇ ಇರಲಿಲ್ಲ. ಈಗ ಉಳಿದ ಎಲ್ಲವೂ ಹೋಗಿ, ಆ ನಡುಕವೊಂದು ಉಳಿದಿದೆಯಲ್ಲ ಎಂದು ಸಂಕಟವಾಯಿತು.

ಎದ್ದು ಹೊರಟಾಗ ಆಯಾ ಇನ್ನೊಂದು ಮಾತು ಅಂದರು. "ಕಡೀ ಕಡೀಕ ಕಿವಿ ಮಂದ ಆಗಿತ್ತು ಅವರದು. ಯಾರಿಗೂ ಹೇಳ್ತಿರ್ಲಿಲ್ಲ. ನನಗ ಕಿವಿ ಹಚ್ಚಿ ಕೇಳು ಅಂತಿದ್ರು, ತಾವು ಹೊಟ್ಟಿ ಮ್ಯಾಲ ಕೈ ಇಟ್ಟು ನೋಡ್ತಿದ್ರು."

ಬಸ್ಸಿನಲ್ಲಿ ಬೀದರಿಗೆ ಬರುತ್ತ ಆ ಮಾತನ್ನೇ ತಿರುವಿ ಹಾಕಿದೆ: ಕಿವಿಗೆ ಸಿಗದ್ದು ಅವ್ವನ ಕೈಗೆ ಸಿಗಬಹುದೇ? ಮನೆಗೆ ಬಂದು ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆಯಿಯನ್ನು ಕರೆದುಕೊಂಡು ಬರಲೇ ಎಂದು ಕೇಳುವ ಧೈರ್ಯ ಆಗಲಿಲ್ಲ. ಅವಳೇ ಅಂದಳು: "ಕರಕೊಂಡ್ ಬಾ ಮಮ್ಮಿ. ಅತ್ತಿಯವರಿಗಿ ನಾ ಹೇಳ್ತೇನಿ."

ಔರಾದಿಗೆ ಬಸ್ಸಿನಲ್ಲಿ ಹೊರಟೆವು. ಅವ್ವನನ್ನು ಕಿಟಕಿಯ ಕಡೆ ಕೂಡಿಸಿ, ಅವಳ ಸೆರಗಿನ ತುದಿಯನ್ನು ನನ್ನ ಸೆರಗಿಗೆ ಗಂಟು ಹಾಕಿದ್ದೆ. ನಡುದಾರಿಯಲ್ಲಿ ಕುರಿಯ ಹಿಂಡು ಅಡ್ಡ ಬಂದು ಬಸ್ ನಿಂತಿತು. ಅವ್ವ ಎದ್ದು ನಿಂತಳು. "ಇಳೀಬೇಕು, ನಮ್ಮಪ್ಪ ಕುರಿ ಹೊಡಕೊಂಡ್ ಬಂದಾನ" ಎಂದಳು. ಗಂಟು ಜಗ್ಗಿತು. ಅವಳ ಕಣ್ಣಲ್ಲಿ ನನ್ನ ಮೇಲೆ ಎಂಥ ಸಿಟ್ಟು ಇತ್ತೆಂದರೆ, ಯಾರದೋ ಮಗಳನ್ನು ಕದ್ದು ಒಯ್ಯುತ್ತಿದ್ದೇನೋ ಎನಿಸಿತು. ಹಿಂದಿನ ಸೀಟಿನವರು ಗುಸುಗುಸು ಮಾತಾಡಿದರು. "ಅಪ್ಪ ಮುಂದಿನ ಸ್ಟಾಪಿನ್ಯಾಗ ಬರ್ತಾನಂತ" ಎಂದು ಸುಳ್ಳು ಹೇಳಿದೆ. ನಂಬಿ ಕೂತಳು. ಆ ನಂಬಿಕೆ ನೋಡಲಿಕ್ಕಾಗಲಿಲ್ಲ.

ಬೀಗತಿ ಅಂಗಳದಲ್ಲಿಯೇ ನಿಂತಿದ್ದರು. ನೀರು ಕೊಟ್ಟರು, ಮಾತಾಡಿಸಿದರು, ಆದರೆ ಅವ್ವ ಮತ್ತು ಒಳಬಾಗಿಲಿನ ನಡುವಿನಿಂದ ಸರಿಯಲಿಲ್ಲ. ಮಗಳು ತಾನೇ ಹೊರಗೆ ಬಂದಳು. ದಿನ ತುಂಬುತ್ತ ಬಂದಿತ್ತು. ಕಾಲು ಬಾತಿದ್ದವು. ಅವ್ವನನ್ನು ಜಗಲಿಯ ಮೇಲೆ ಕೂಡಿಸಿ, ಎದುರಿಗೆ ಕೂತಳು.

ಅವ್ವ ಅವಳನ್ನು ನೋಡಿದ್ದೇ ತಡ, ಮುಖ ಬಾಡಿಸಿಕೊಂಡು, "ತಂಗೀ, ಮತ್ತ ಆಗ್ತಾ..." ಎಂದು ಶುರು ಮಾಡಿದಳು.

ಮಗಳು ಅವಳ ಬಲಗೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಮೇಲೆ ತನ್ನ ಕೈ ಒತ್ತಿದಳು.  ಬೀಗತಿ ಒಂದು ಹೆಜ್ಜೆ ಮುಂದೆ ಬಂದರು. ಏನೂ ಆಗಲಿಲ್ಲ. ಕೂಸು ಸುಮ್ಮನಿತ್ತು. ಅವ್ವ ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು, ಮಗಳು ಬಿಡಲಿಲ್ಲ.  ಇದೂ ತಪ್ಪಾದರೆ ಇನ್ನು ಅವ್ವನನ್ನು ಎಲ್ಲಿಗೂ ಕರೆದುಕೊಂಡು ಹೋಗುವ ಹಾಗಿಲ್ಲ, ಯಾರ ಮುಂದೂ ಕೂಡಿಸುವ ಹಾಗಿಲ್ಲ ಎಂದು ಮನಸ್ಸು ಹೊಯ್ದಾಡುತ್ತಿತ್ತು.

ಆಮೇಲೆ ಮಗಳ ಸೀರೆಯ ಮೇಲೆ, ಅವ್ವನ ಬೆರಳುಗಳ ಕೆಳಗೆ, ಒಂದು ಸಣ್ಣ ಉಬ್ಬು ಎದ್ದು ಸರಿಯಿತು. ಜಗಲಿಯ ಆಚೆ ನಿಂತ ನನಗೇ ಕಂಡಿತು.

ಅವ್ವ ಅಲುಗಲಿಲ್ಲ. ಎರಡನೆಯ ಕೈಯನ್ನೂ ಇಟ್ಟಳು. ಬೆರಳುಗಳು ತಾವಾಗಿಯೇ ಹೊಟ್ಟೆಯ ಈ ಬದಿ ಆ ಬದಿ ಒತ್ತಿ, ಕೆಳಗೆ ಇಳಿದು, ಅಲ್ಲಿ ನಿಂತವು. ಹಣೆಯ ಗಂಟು ಬಿಚ್ಚಿತು. ಒಮ್ಮೆ ನನ್ನನ್ನು, ಒಮ್ಮೆ ಬೀಗತಿಯನ್ನು ನೋಡಿ, ದನಿ ಏರಿಸಿ ಗದರಿಸಿದಳು:

"ಯಾರ್ ಅಂದ್ರಿ ಕೂಸ್ ಹೋಗ್ಯಾದಂತ? ಬುದ್ಧಿ ಅದೇನ್ರಿ ನಿಮಗ? ಬಸರಿ ಹುಡಗಿ ಮುಂದ ಅಂಥ ಮಾತ್ ಆಡ್ತಾರೇನ್ರಿ?"

ಬೀಗತಿಯ ತೆರೆದ ಬಾಯಿ ತೆರೆದೇ ಇತ್ತು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಗುತ್ತಲೇ, "ತಪ್ಪಾಯ್ತ್ರಿ ನರ್ಸಬಾಯಿ" ಎಂದರು. ಮಗಳು ಆಯಿಯ ಹೆಗಲಿಗೆ ಹಣೆ ಹಚ್ಚಿ ಜೋರಾಗಿ ಅತ್ತಳು. ಅವ್ವ ಅವಳ ಬೆನ್ನು ತಟ್ಟುತ್ತ, "ಅಳಬ್ಯಾಡ, ಅಳಬ್ಯಾಡ, ಹುಚ್ಚರವರು" ಎಂದು ನಮ್ಮಿಬ್ಬರನ್ನೂ ತೋರಿಸಿದಳು.

ಹೆರಿಗೆ ಬೀದರಿನ ಆಸ್ಪತ್ರೆಯಲ್ಲಿಯೇ ಆಯಿತು. ಹೆಣ್ಣು ಕೂಸು. ಅದು ಅಳುವುದಕ್ಕೆ ತುಸು ತಡಮಾಡಿತು ಎಂದು ಆಮೇಲೆ ಹೇಳಿದರು. ಆ ತುಸು ಹೊತ್ತಿನಲ್ಲಿ ನಾನು ಬಾಗಿಲ ಹೊರಗೆ ಹೇಗಿದ್ದೆ ಎಂಬುದನ್ನು ಬರೆಯಲಾರೆ. ಬಾಣಂತನಕ್ಕೆ ಮಗಳು ನಮ್ಮಲ್ಲಿಗೇ ಬಂದಳು, ಬೀಗತಿ ತಾವೇ ಕಳಿಸಿಕೊಟ್ಟರು.

ಅವ್ವನಿಗೆ ಅದು ಮೊಮ್ಮಗಳ ಮಗಳು ಎಂದು ತಿಳಿಯಲಿಲ್ಲ. ತಿಳಿಯುವುದೂ ಇಲ್ಲ. ನಾನು ಅವಳಿಗೆ ಇಂದಿಗೂ ಬಾಯಾರು. ಮಾತು ಕಡಿಮೆಯಾಗಿದೆ, ಅದರಲ್ಲಿ ಕನ್ನಡಕ್ಕಿಂತ ಮರಾಠಿ ಹೆಚ್ಚು. ಕೆಲವು ದಿನ ಕೂಸನ್ನು ಕಂಡರೆ ಎರಡೂ ಕೈ ಚಾಚುತ್ತಾಳೆ, ಕೆಲವು ದಿನ ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ನಾನು ಕೂಡ ಒಂದು ಹೆಸರು, ಒಂದು ಪದ ನೆನಪಾಗದೆ ತಡವರಿಸಿದರೆ ಕೆಲಸ ಬಿಟ್ಟು ನಿಂತುಬಿಡುತ್ತೇನೆ. ಅದು ನಾಲಿಗೆಗೆ ಬರುವವರೆಗೆ ಒಲೆಯ ಮೇಲೆ ಏನಿದೆ ಎಂಬುದು ಗಮನಕ್ಕೆ ಬರುವುದಿಲ್ಲ.

"ನನಗೂ ಹಿಂಗ ಆದ್ರ ನೀ ನನ್ನ ಕೈಯಾಗ ಏನ್ ಕೊಡ್ತಿ?" ಎಂದು ಒಮ್ಮೆ ಮಗಳನ್ನು ಕೇಳಿದೆ. ಕೂಸಿಗೆ ಹಾಲು ಕುಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಹಂಗ ಮಾತಾಡ್ಬ್ಯಾಡ ಮಮ್ಮಿ" ಎಂದಳು. ಅವಳೂ ಅದನ್ನು ಯೋಚಿಸಿದ್ದಾಳೆ ಎಂದು ಗೊತ್ತಾಯಿತು.

ಮಗಳು ಔರಾದಿನಿಂದ ಬಂದಾಗಲೆಲ್ಲ ಅವ್ವನ ಮಡಿಲಲ್ಲಿ ಕೂಸನ್ನು ಕೂಡಿಸುತ್ತಾಳೆ. ಈಗ ಅದು ತೆವಳುವ ಕೂಸು, ಒಂದು ಕಡೆ ಕೂಡುವುದಿಲ್ಲ. ಅವ್ವನ ತೋಳು ಎಷ್ಟು ಹೊತ್ತು ಗಟ್ಟಿಯಾಗಿರುತ್ತವೆ, ಯಾವಾಗ ಹಿಡಿದಿದ್ದೇನೆಂಬುದನ್ನೇ ಮರೆತು ಸಡಿಲ ಬಿಡುತ್ತವೆ ಎಂದು ಹೇಳಲಾಗದು. ಬೇಡ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಎದುರಿಗೆ ನೆಲದ ಮೇಲೆ ಕೂತು, ಕೂಸಿನ ಕೆಳಗೆ ನನ್ನ ಎರಡೂ ಕೈ ಒಡ್ಡಿಕೊಂಡೇ ಇರುತ್ತೇನೆ. ಮಗಳು ನಕ್ಕು, "ಬೀಳಲ್ಲ ಬಿಡು ಮಮ್ಮಿ" ಎನ್ನುತ್ತಾಳೆ. ನಾನು ಕೈ ತೆಗೆಯುವುದಿಲ್ಲ.